ಮನೆಯ ವೈಫೈಗೆ ಒಗ್ಗದ ಫೋನು



ಬೀದರ್ ಜಿಲ್ಲೆಯ ಹುಮನಾಬಾದಿಗೆ ಹೊಂದಿಕೊಂಡಂತೆ ಮಾಣಿಕನಗರ ಎಂಬ ಊರಿದೆ. 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳಿಂದ ಊರಿಗೆ ಆ ಹೆಸರು ಬಂದಿದೆ. ದತ್ತ ಜಯಂತಿಯ ಸಮಯದಲ್ಲಿ ಇಲ್ಲಿ ದೊಡ್ಡ ಉತ್ಸವ ನಡೆಯುತ್ತದೆ. ಕರ್ನಾಟಕದ ಜೊತೆಗೆ ಮಹಾರಾಷ್ಟ್ರ, ತೆಲಂಗಾಣಗಳ ಜನರೂ ಬಂದು ಸೇರುವುದರಿಂದ ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಆ ಉತ್ಸವ ಮುಗಿದ ಮೇಲೆ, ಜನಸಂದಣಿ ಕರಗಿದ ಒಂದು ದಿನ, ನಾನು ಅಲ್ಲಿರುವ ನನ್ನ ಹಳೆಯ ಸಹಪಾಠಿಯ ಮನೆಗೆ ಹೋಗಿದ್ದೆ. ನಾವಿಬ್ಬರೂ ಒಟ್ಟಿಗೆ ಬಿ.ಎಸ್‌ಸಿ. ಓದಿದವರು. ಅವನು ಒಕ್ಕಲುತನಕ್ಕೆ ಹಿಂತಿರುಗಿದ, ನಾನು ಟೆಲಿವಿಷನ್ನಿಗೆ ಬಂದೆ.

ಚಹಾ ಕುಡಿದು ಮುಗಿಸುವುದರೊಳಗೆ ಅವನ ಮಗಳು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಪದವಿಪೂರ್ವ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ.

"ಕಾಕಾ, ವೈಫೈ ಸಿಗ್ನಲ್ ಪೂರಾ ತೋರಸ್ತದ್ರಿ. ಆದ್ರ ಒಂದೂ ಓಪನ್ ಆಗಂಗಿಲ್ಲ."

ಎಷ್ಟು ದಿನದಿಂದ ಎಂದು ಕೇಳಿದರೆ ಹದಿನೈದು ದಿನ ಎಂದಳು. ಹದಿನೈದು ದಿನದಿಂದಲೂ ಅವಳು ಸಂಜೆಯಾದರೆ ಮಾಳಿಗೆ ಹತ್ತಿ, ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕುಳಿತು, ಮೊಬೈಲ್ ಡೇಟಾ ಬಳಸಿ ಪಾಠದ ವಿಡಿಯೋಗಳನ್ನು ನೋಡುತ್ತಿದ್ದಳು. ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಮಾಳಿಗೆಯ ಮೇಲೆ ಬರುತ್ತದೆ, ಆದರೆ ದಿನದ ಡೇಟಾ ಒಂದೆರಡು ಪಾಠಕ್ಕೇ ಮುಗಿದುಹೋಗುತ್ತದೆ.

"ನೀ ವಿಜ್ಞಾನ ಓದ್ದಾಂವ, ಟೀವ್ಯಾಗ ಬ್ಯಾರೆ ಕೆಲಸ ಮಾಡ್ತಿ. ಒಂದ್ಸಲ ನೋಡಪಾ" ಎಂದ ಗೆಳೆಯ. "ಇಲ್ಲಂದ್ರ ನಾಳಿಗಿ ಹುಮನಾಬಾದಿಗಿ ಹೋಗಿ ಹೊಸಾದು ತರ್ತೀನಿ."

ಹೊಸದನ್ನು ತರಲು ಅವನು ತೆಗೆದಿಟ್ಟಿದ್ದ ಹಣ ಸೋಯಾ ಮಾರಿ ಬಂದದ್ದು. ಅದು ಮುಂದಿನ ವರ್ಷ ಈ ಹುಡುಗಿಯ ಕಾಲೇಜು ಮತ್ತು ಹಾಸ್ಟೆಲಿನ ಖರ್ಚಿಗೆಂದು ಇಟ್ಟ ಹಣ. ಆದ್ದರಿಂದ ಈ ಪ್ರಶ್ನೆ ಒಂದು ಯಂತ್ರದ ಪ್ರಶ್ನೆ ಮಾತ್ರವಾಗಿರಲಿಲ್ಲ.

ಮೊದಲಿಗೆ ನಾನು ಮಾಡಿದ ತಪ್ಪನ್ನು ನಿಮಗೆ ಹೇಳಿಬಿಡುತ್ತೇನೆ. ವೃತ್ತಿಯಿಂದ ನಾನು ತರಂಗಗಳ ನಡುವೆ ಬದುಕುವವನು. ಮೇಲಾಗಿ, ಚಿಕ್ಕಂದಿನಲ್ಲಿ ಭಾನುವಾರ ಬೆಳಗ್ಗೆ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ, ಕೆಳಗಿನಿಂದ "ಬಂತು, ಬಂತು, ಅಲ್ಲೇ ಬಿಡು" ಎಂಬ ಕೂಗಿಗಾಗಿ ಕಾದ ಪೀಳಿಗೆ ನಮ್ಮದು. ಚಿತ್ರ ಬರಲಿಲ್ಲವೆಂದರೆ ತರಂಗವನ್ನೇ ದೂರುವುದು ನಮಗೆ ರೂಢಿ. ಆ ಮನೆಯ ಗೋಡೆಗಳನ್ನು ನೋಡಿದ ಕೂಡಲೇ ನನ್ನ ತೀರ್ಮಾನ ಸಿದ್ಧವಾಗಿಬಿಟ್ಟಿತು. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಬೀದರಿನ ಕೋಟೆಯಲ್ಲಿ ನೀವು ನೋಡಿರಬಹುದಾದ ಅದೇ ಕೆಂಪು ಜಂಬಿಟ್ಟಿಗೆ. ರೂಟರ್ ಇಟ್ಟಿದ್ದ ಜಾಗವಂತೂ ಇನ್ನೂ ಚೆನ್ನಾಗಿತ್ತು. ಪಡಸಾಲೆಯ ಮೂಲೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಕಾಳು ತುಂಬಿದ ದೊಡ್ಡ ತಗಡಿನ ಡಬ್ಬಿಯ ಹಿಂದೆ.

ಈ ತರಂಗಗಳು ಎಷ್ಟು ಉದ್ದ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ವೈಫೈ ಸಾಮಾನ್ಯವಾಗಿ ಎರಡು ಆವರ್ತನ ಪಟ್ಟಿಗಳಲ್ಲಿ ನಡೆಯುತ್ತದೆ. ಒಂದು 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನ. ರೇಡಿಯೊ ತರಂಗ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 30 ಕೋಟಿ ಮೀಟರ್ ಸಾಗುತ್ತದೆ. 30ನ್ನು 240ರಿಂದ ಭಾಗಿಸಿದರೆ 0.125 ಮೀಟರ್, ಹನ್ನೆರಡೂವರೆ ಸೆಂಟಿಮೀಟರ್. ನಿಮ್ಮ ಅಂಗೈಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಇನ್ನೊಂದು 5 ಗಿಗಾಹರ್ಟ್ಸಿನ ಪಟ್ಟಿ. ಅಲ್ಲಿ ತರಂಗದ ಉದ್ದ 6 ಸೆಂಟಿಮೀಟರಿನ ಆಸುಪಾಸು. ಎಫ್.ಎಂ. ರೇಡಿಯೊದ ತರಂಗ ಸುಮಾರು 3 ಮೀಟರ್ ಉದ್ದವಿರುತ್ತದೆ ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಿ. ಇಂಥ ಗಿಡ್ಡ ತರಂಗಗಳೊಂದಿಗೆ ನಮ್ಮ ದೇಶದಲ್ಲೇ ಮೊದಮೊದಲ ಪ್ರಯೋಗಗಳು ನಡೆದವು. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಮಿಲಿಮೀಟರ್ ಪ್ರಮಾಣದ ತರಂಗಗಳನ್ನೂ ಉತ್ಪಾದಿಸಿ ಅವುಗಳ ಗುಣಗಳನ್ನು ಪರೀಕ್ಷಿಸಿದ್ದರು. ಗೋಡೆಯಾಚೆಗೆ ರೇಡಿಯೊ ತರಂಗ ಕಳಿಸಿ ಗಂಟೆ ಬಾರಿಸಿ ತೋರಿಸಿದವರೂ ಅವರೇ.

ಗೋಡೆಯನ್ನು ದಾಟುತ್ತದೆ ಎಂದ ಮಾತ್ರಕ್ಕೆ ಏನೂ ಕಳೆದುಕೊಳ್ಳದೆ ದಾಟುತ್ತದೆ ಎಂದಲ್ಲ. ಕಲ್ಲು, ಕಾಂಕ್ರೀಟು, ಅವುಗಳಲ್ಲಿ ಹಿಡಿದಿಟ್ಟ ನೀರು ತರಂಗದ ಶಕ್ತಿಯನ್ನು ನುಂಗುತ್ತವೆ. ಲೋಹ ಅದನ್ನು ಹಿಂದಕ್ಕೆ ತಳ್ಳುತ್ತದೆ. 5 ಗಿಗಾಹರ್ಟ್ಸಿನ ತರಂಗ ವೇಗವಾಗಿ ಮಾಹಿತಿ ಹೊರುತ್ತದೆ, ಆದರೆ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ. 2.4ರದ್ದು ನಿಧಾನ, ಆದರೆ ಇನ್ನೂ ಒಂದು ಕೋಣೆಯಷ್ಟು ದೂರ ಹೋಗುತ್ತದೆ. ಭಾರತದಲ್ಲಿ 2.4 ಗಿಗಾಹರ್ಟ್ಸಿನ ಈ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಡಲಾಯಿತು. ಹಾಗಾಗಿ ಅದು ಸಂತೆಯ ಮೈದಾನವಿದ್ದಂತೆ. ನೆರೆಮನೆಯ ವೈಫೈ, ಬ್ಲೂಟೂತ್ ಕಿವಿಯೋಲೆಗಳು, ಮೈಕ್ರೋವೇವ್ ಒಲೆಯಿಂದ ಸೋರಿದ ಸದ್ದು, ಎಲ್ಲವೂ ಅಲ್ಲೇ.

ಇನ್ನೊಂದು ವಿಷಯ. ಪರದೆಯ ಮೇಲೆ ಬೀಸಣಿಗೆಯಂತೆ ಕಾಣುವ ಆ ವೈಫೈ ಗುರುತು ಏನನ್ನು ಅಳೆಯುತ್ತದೆ? ರೂಟರಿನ ದನಿ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಒಳ್ಳೆಯ ಸಿಗ್ನಲ್ ಎಂದು ನಾವು ಕರೆಯುವುದು ಸುಮಾರು ಮೈನಸ್ 50 ಡಿಬಿಎಂ. ಅಂದರೆ ಒಂದು ವ್ಯಾಟಿನ ಹತ್ತು ಕೋಟಿಯಲ್ಲಿ ಒಂದು ಪಾಲು! ಮೈನಸ್ 80ಕ್ಕೆ ಇಳಿದರೆ ಅದರಲ್ಲೂ ಸಾವಿರದ ಒಂದು ಪಾಲು. ಇಷ್ಟು ಸಣ್ಣ ಪಿಸುಮಾತನ್ನು ಕೇಳಿಸಿಕೊಳ್ಳುವ ಕಿವಿ ನಿಮ್ಮ ಜೇಬಿನಲ್ಲಿದೆ. ಆದರೆ ಫೋನಿನ ದನಿ ರೂಟರಿನ ದನಿಗಿಂತ ಸಾಮಾನ್ಯವಾಗಿ ಚಿಕ್ಕದು. ಮನೆಯ ಅಂಚಿನಲ್ಲಿ ನಿಂತಾಗ ರೂಟರ್ ಹೇಳಿದ್ದು ಫೋನಿಗೆ ಕೇಳಿಸಿ, ಫೋನ್ ಹೇಳಿದ್ದು ರೂಟರಿಗೆ ಕೇಳಿಸದೆ ಹೋಗಬಹುದು.

ಇದಿಷ್ಟನ್ನೂ ನಾನು ಗೆಳೆಯನ ಮಗಳಿಗೆ ವಿವರಿಸುತ್ತ, ರೂಟರನ್ನು ತಗಡಿನ ಡಬ್ಬಿಯ ಹಿಂದಿನಿಂದ ಎತ್ತಿ ಗೋಡೆಯ ಗೂಡಿನಲ್ಲಿ, ತಲೆಯಷ್ಟು ಎತ್ತರದಲ್ಲಿ ಇಟ್ಟೆ. ಒಂದು ಗಂಟೆ ಹಿಡಿಯಿತು. ಅಡುಗೆ ಮನೆಯಲ್ಲಿ ಅವಳ ತಾಯಿಯ ಫೋನಿನಲ್ಲಿ ನಿಂತುನಿಂತು ಬರುತ್ತಿದ್ದ ವಿಡಿಯೋ ಸರಾಗವಾಗಿ ಬರತೊಡಗಿತು. ಎಲ್ಲರೂ ನನ್ನನ್ನು ಹೊಗಳಿದರು. ಹುಡುಗಿಯ ಫೋನು ಮಾತ್ರ ಎಳ್ಳಷ್ಟೂ ಬದಲಾಗಲಿಲ್ಲ. ರೂಟರಿನ ಪಕ್ಕದಲ್ಲೇ ಹಿಡಿದರೂ ಅಷ್ಟೇ. ಸಿಗ್ನಲ್ ಪೂರ್ತಿ, ಪಕ್ಕದಲ್ಲೊಂದು ಪುಟ್ಟ ಆಶ್ಚರ್ಯಸೂಚಕ ಚಿಹ್ನೆ, ಕೆಳಗೆ "ಇಂಟರ್ನೆಟ್ ಇಲ್ಲ" ಎಂಬ ಬರಹ.

ರೂಟರಿನ ಪಕ್ಕದಲ್ಲಿ ಹಿಡಿದು ನೋಡುವ ಈ ಕೆಲಸವನ್ನು ಮೊದಲೇ ಮಾಡಿದ್ದರೆ ನನ್ನ ಗಂಟೆ ಉಳಿಯುತ್ತಿತ್ತು. ಅರ್ಧ ನಿಮಿಷದ ಪರೀಕ್ಷೆ ಅದು. ಪಕ್ಕದಲ್ಲಿಟ್ಟರೂ ನಡೆಯದಿದ್ದರೆ ಗೋಡೆಯನ್ನು ದೂರಿ ಫಲವಿಲ್ಲ.

ಆಗ ನಾನು ಕುಳಿತು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದೆ. ನಮ್ಮ ಹೊರಾಂಗಣ ಪ್ರಸಾರದಲ್ಲಿ ಚಿತ್ರ ಕಾಣೆಯಾದರೆ ಎಂಜಿನಿಯರುಗಳು ಹೀಗೆ ಮಾಡುತ್ತಾರೆ. ಕ್ಯಾಮೆರಾ, ಕೇಬಲ್, ಮಿಕ್ಸರ್, ಉಪಗ್ರಹಕ್ಕೆ ಕಳಿಸುವ ಯಂತ್ರ ಎಂದು ದಾರಿಯನ್ನು ತುಂಡುಗಳಾಗಿ ನೋಡುತ್ತಾರೆ. ನಡುವೆ ಒಂದು ಕಡೆ ಬಣ್ಣದ ಪಟ್ಟಿಗಳ ಪರೀಕ್ಷಾ ಚಿತ್ರವನ್ನು ಹಾಕಿ, ಅದು ಆ ತುದಿಗೆ ಮುಟ್ಟಿತೇ ಎಂದು ಕೇಳುತ್ತಾರೆ. ಮುಟ್ಟಿತೆಂದರೆ ದೋಷ ಈಚೆಗೆ, ಇಲ್ಲವೆಂದರೆ ಆಚೆಗೆ. ಮನೆಯ ಇಂಟರ್ನೆಟ್ಟಿಗೂ ಇಂಥದೇ ದಾರಿಯಿದೆ. ಫೋನಿನಿಂದ ರೂಟರ್, ರೂಟರಿನಿಂದ ಫೈಬರ್ ತಂತಿಯ ಮೂಲಕ ಸೇವೆ ಕೊಡುವವರ ಕೇಂದ್ರ, ಅಲ್ಲಿಂದ ಜಗತ್ತಿನ ಎಲ್ಲೋ ಒಂದು ಕಡೆ ಇರುವ ಕಂಪ್ಯೂಟರು. ಆ ವೈಫೈ ಗುರುತು ಮೊದಲ ತುಂಡಿನ ವಿಷಯವನ್ನಷ್ಟೇ ಹೇಳುತ್ತದೆ. ಊರ ಹೊರಗೆ ರಸ್ತೆ ಅಗೆಯುವ ಯಂತ್ರ ಫೈಬರನ್ನು ಕತ್ತರಿಸಿ ಹಾಕಿದ್ದರೂ ನಿಮ್ಮ ಫೋನಿನಲ್ಲಿ ಸಿಗ್ನಲ್ ಪೂರ್ತಿಯೇ ಇರುತ್ತದೆ. ಅಂಥ ಸಂದರ್ಭದಲ್ಲಿ ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದಿರುವ ಕೆಂಪು ದೀಪ ಮಿನುಗುತ್ತಿರುತ್ತದೆ. ಫೋನನ್ನು ಎಷ್ಟು ಸಲ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. (ಆಗ ಕುತೂಹಲದಿಂದ ಆ ಸಣ್ಣ ತಂತಿಯನ್ನು ಕಿತ್ತು ಅದರ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.)

ನನ್ನ ಮೊದಲ ಪ್ರಶ್ನೆ: ಈ ವೈಫೈಯಲ್ಲಿ ಬೇರೆ ಫೋನುಗಳು ನಡೆಯುತ್ತವೆಯೇ? ನಡೆಯುತ್ತವೆ. ಅಪ್ಪನದು, ಅಮ್ಮನದು ಎರಡೂ ಚೆನ್ನಾಗಿ ನಡೆಯುತ್ತಿವೆ. ಹಾಗಾದರೆ ರೂಟರ್, ಫೈಬರ್, ಆಚೆಯ ಜಗತ್ತು ಎಲ್ಲವೂ ಸರಿಯಿವೆ.

ಎರಡನೆಯದು: ಈ ಫೋನು ಬೇರೆ ವೈಫೈಯಲ್ಲಿ ನಡೆಯುತ್ತದೆಯೇ? ಇದಕ್ಕೆ ಉತ್ತರ ಕೊಡುವಾಗ ಗೆಳೆಯ ನಕ್ಕುಬಿಟ್ಟ. ವೈಫೈ ಹಾಕಿಕೊಟ್ಟ ಹುಡುಗನನ್ನು ಕರೆಸಿದ್ದನಂತೆ. ಅವನು ತನ್ನ ಫೋನಿನಲ್ಲಿ ವಿಡಿಯೋ ತೋರಿಸಿ, "ನನ್ನ ಫೋನಾಗ ಬರ್ತದ ನೋಡ್ರಿ, ನಿಮ್ಮ ಫೋನೇ ಕೆಟ್ಟದ" ಎಂದು ಹೇಳಿ ಹೋದ. ಫೋನನ್ನು ಮೊಬೈಲ್ ಅಂಗಡಿಗೆ ಒಯ್ದರೆ ಅಂಗಡಿಯವನು ತನ್ನ ವೈಫೈಗೆ ಸೇರಿಸಿ, "ಇಲ್ಲಿ ಚಲೋ ನಡೀತದಲ್ರಿ, ನಿಮ್ಮ ವೈಫೈನೇ ಸರಿ ಇಲ್ಲ" ಎಂದ. ಇಬ್ಬರೂ ಸಾಕ್ಷಿ ಸಮೇತ ತೋರಿಸಿದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕೆಂದು ಮನೆಯವರು ಭಾವಿಸಿದರು. ನೆರೆಯವರು, ಫೋನ್ ಹಳೆಯದಾದರೆ ಹೀಗೇ, ಬದಲಾಯಿಸಿಬಿಡಿ ಎಂದರು.

ಇಲ್ಲಿ ನೀವು ಒಂದು ಕ್ಷಣ ನಿಲ್ಲಬೇಕು. ವೈಫೈ ಸರಿಯಿದೆ, ಫೋನೂ ಸರಿಯಿದೆ. ಎರಡೂ ಪರೀಕ್ಷೆಯಿಂದ ಸಾಬೀತಾದ ಮಾತು. ಆದರೂ ಎರಡು ಸೇರಿದಾಗ ಕೆಲಸ ನಡೆಯುವುದಿಲ್ಲ. ದೋಷ ಎಂದರೆ ಅದು ಯಾವುದೋ ಒಂದು ವಸ್ತುವಿನೊಳಗೆ ಕುಳಿತಿರಬೇಕು ಎಂದು ನಾವು ತಿಳಿದಿರುತ್ತೇವೆ. ಇದು ಹಾಗಲ್ಲ. ಬೀಗವೂ ಚೆನ್ನಾಗಿದೆ, ಕೀಲಿಕೈಯೂ ಚೆನ್ನಾಗಿದೆ, ಆದರೆ ಆ ಬೀಗಕ್ಕೆ ಆ ಕೀಲಿಕೈ ಅಲ್ಲ. ದೋಷ ಇರುವುದು ಅವೆರಡರ ನಡುವಿನ ಒಪ್ಪಂದದಲ್ಲಿ.

ಹಾಗಾದರೆ ಫೋನಿಗೂ ಒಂದು ನಿರ್ದಿಷ್ಟ ವೈಫೈಗೂ ನಡುವೆ ಯಾವ ಯಾವ ಒಪ್ಪಂದಗಳಿರುತ್ತವೆ? ಒಂದು ಪಾಸ್‌ವರ್ಡ್, ಅದು ತಪ್ಪಿದ್ದರೆ ಸೇರಿಕೊಳ್ಳುವುದೇ ಇಲ್ಲ. ಇನ್ನೊಂದು ಗೂಢಲಿಪಿಯ ಬಗೆ. 2004ರ ಡಬ್ಲ್ಯುಪಿಎ-2 ಮಾತ್ರ ಬಲ್ಲ ಹಳೆಯ ಫೋನು, 2018ರ ಡಬ್ಲ್ಯುಪಿಎ-3 ಒಂದನ್ನೇ ಒಪ್ಪುವಂತೆ ಹೊಂದಿಸಿದ ಹೊಸ ರೂಟರಿಗೆ ಸೇರಲಾರದು. ಆವರ್ತನ ಪಟ್ಟಿಯದೂ ಹಾಗೆಯೇ: 5 ಗಿಗಾಹರ್ಟ್ಸ್ ಇಲ್ಲದ ಅಗ್ಗದ ಫೋನಿಗೆ ಆ ಪಟ್ಟಿಯ ವೈಫೈಯ ಹೆಸರೇ ಕಾಣಿಸುವುದಿಲ್ಲ. ಕೆಲವು ಮನೆಗಳಲ್ಲಿ, ಇಂತಿಂಥ ಫೋನುಗಳನ್ನು ಮಾತ್ರ ಬಿಡು ಎಂದು ರೂಟರಿನಲ್ಲಿ ಯಂತ್ರಸಂಖ್ಯೆಗಳ ಪಟ್ಟಿ ಬರೆದಿರುತ್ತಾರೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಖಾಸಗಿತನಕ್ಕಾಗಿ ಪ್ರತಿಯೊಂದು ವೈಫೈಗೂ ಬೇರೆ ಬೇರೆ ಯಂತ್ರಸಂಖ್ಯೆ ಹೇಳತೊಡಗಿದವು. ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಬಾಗಿಲು ತೆರೆಯದು.

ಈ ಯಾವುದರ ಲಕ್ಷಣವೂ ನಮ್ಮದಕ್ಕೆ ಹೊಂದಲಿಲ್ಲ. ಹೆಸರು ಕಾಣುತ್ತಿತ್ತು, ಸೇರಿಕೊಂಡಿತ್ತು, ಸಿಗ್ನಲ್ ತುಂಬಿತ್ತು. ಉಳಿದದ್ದು ಕೊನೆಯ ಒಪ್ಪಂದ, ವಿಳಾಸದ್ದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಂಟರ್ನೆಟ್ಟಿನಲ್ಲಿ ಮಾತನಾಡುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಹಳೆಯ ಪದ್ಧತಿಯ ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಅದಕ್ಕಾಗಿ 1996ರಲ್ಲಿ ಮೂರು ಗುಂಪಿನ ವಿಳಾಸಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಬೇರೆ ತೆಗೆದಿಡುವ ನಿಯಮವನ್ನು ಪ್ರಕಟಿಸಿದರು. 192.168 ಎಂದು ಆರಂಭವಾಗುವ ವಿಳಾಸಗಳು ಆ ಬಗೆಯವು. ನಿಮ್ಮ ಮನೆಯಲ್ಲೂ ಅವೇ ಇರಬಹುದು, ಪಕ್ಕದ ಮನೆಯಲ್ಲೂ ಅವೇ ಇರಬಹುದು. ಒಳಗಿನ ವಿಳಾಸ ಒಳಗೇ ಉಳಿಯುವುದರಿಂದ ಜಗಳವಿಲ್ಲ.

ನಾಲ್ಕು ಅಂಕಿಗಳ ಈ ವಿಳಾಸದಲ್ಲಿ, ಮನೆಯ ರೂಟರುಗಳ ಮಟ್ಟಿಗೆ, ಮೊದಲ ಮೂರು ಓಣಿಯ ಹೆಸರೆಂದೂ ಕೊನೆಯದು ಮನೆಯ ಸಂಖ್ಯೆಯೆಂದೂ ತಿಳಿಯಿರಿ. ಓಣಿಯೊಳಗಿನವರು ಪರಸ್ಪರ ನೇರವಾಗಿ ಮಾತನಾಡಬಹುದು. ಓಣಿಯಾಚೆ ಏನೇ ಕಳಿಸಬೇಕಾದರೂ ಅಗಸಿಯ ಮೂಲಕವೇ ಹೋಗಬೇಕು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಊರ ಹೆಬ್ಬಾಗಿಲನ್ನು ಅಗಸಿ ಎನ್ನುತ್ತಾರಲ್ಲ, ಅದೇ. ಮನೆಯ ಜಾಲದ ಅಗಸಿ ಎಂದರೆ ರೂಟರ್. ಫೋನುಗಳು ಅದನ್ನು ಗೇಟ್‌ವೇ ಎಂದು ಕರೆಯುತ್ತವೆ.

ಸಾಮಾನ್ಯವಾಗಿ ಈ ಸಂಖ್ಯೆಗಳನ್ನು ನಾವು ಬರೆಯುವುದಿಲ್ಲ. ಫೋನು ವೈಫೈಗೆ ಸೇರಿದೊಡನೆ, "ಇಲ್ಲಿ ವಿಳಾಸ ಕೊಡುವವರು ಯಾರು?" ಎಂದು ಕೂಗುತ್ತದೆ. ರೂಟರ್ ಒಂದು ಸಂಖ್ಯೆ ತೋರಿಸುತ್ತದೆ. ಅದನ್ನೇ ಕೊಡಿ ಎನ್ನುತ್ತದೆ ಫೋನು. ತೆಗೆದುಕೋ, ಇಷ್ಟು ಗಂಟೆಯವರೆಗೆ ಇದು ನಿನ್ನದು, ಅಗಸಿ ಇಂಥಲ್ಲಿದೆ ಎನ್ನುತ್ತದೆ ರೂಟರ್. ಜಾತ್ರೆಗೆ ಬಂದ ಯಾತ್ರಿಕರಿಗೆ ಛತ್ರದವರು ಕೋಣೆ ಕೊಟ್ಟಂತೆ. ಈ ನಾಲ್ಕು ಮಾತಿನ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ವಿಳಾಸ ಸಿಕ್ಕಮೇಲೆ ಆಂಡ್ರಾಯ್ಡ್ ಫೋನು ತನ್ನಷ್ಟಕ್ಕೆ ಇನ್ನೊಂದು ಕೆಲಸ ಮಾಡುತ್ತದೆ. ಇಂಟರ್ನೆಟ್ಟಿನಲ್ಲಿರುವ ಒಂದು ಗೊತ್ತಾದ ಕಂಪ್ಯೂಟರಿಗೆ ಪುಟ್ಟ ಪ್ರಶ್ನೆಯೊಂದನ್ನು ಕಳಿಸುತ್ತದೆ. ಬರಬೇಕಾದ ಉತ್ತರ 204 ಎಂಬ ಸಂಕೇತ, ಅದರೊಳಗೆ ಬೇರೇನೂ ಇರುವುದಿಲ್ಲ. ಆ ಖಾಲಿ ಉತ್ತರ ಬಂದರೆ ಸರಿ. ಬಾರದಿದ್ದರೆ ಆಶ್ಚರ್ಯಸೂಚಕ ಚಿಹ್ನೆ.

ಹುಡುಗಿಗೆ ಒಂದು ಕಾಗದ, ಪೆನ್ನು ತರಲು ಹೇಳಿದೆ. ಅಪ್ಪನ ಫೋನನ್ನೂ ಅವಳದನ್ನೂ ಪಕ್ಕಪಕ್ಕದಲ್ಲಿಟ್ಟು, ವೈಫೈ ಹೆಸರಿನ ಮುಂದಿನ ವಿವರಗಳ ಪುಟ ತೆರೆದು, ಕಂಡದ್ದನ್ನು ಬರೆದುಕೊಂಡೆವು. ಅಪ್ಪನ ಫೋನು: ವಿಳಾಸ 192.168.0.7, ಅಗಸಿ 192.168.0.1. ಮಗಳ ಫೋನು: ವಿಳಾಸ 192.168.1.50, ಅಗಸಿ 192.168.1.1.

ನಾನು ಏನೂ ಹೇಳಲಿಲ್ಲ. ಅವಳು ಎರಡು ಸಲ ಓದಿ, ಮೂರನೆಯ ಅಂಕಿಯ ಮೇಲೆ ಬೆರಳಿಟ್ಟು, "ಕಾಕಾ, ನಂದು ಬ್ಯಾರೆ ಓಣ್ಯಾಗ ಅದ ಅಲ್ರಿ" ಎಂದಳು.

ಒಂದೇ ಮನೆಯಲ್ಲಿ, ಒಂದೇ ರೂಟರಿಗೆ ಸೇರಿಕೊಂಡ ಫೋನು ಬೇರೆ ಓಣಿಯ ವಿಳಾಸ ಹೇಳುತ್ತಿದೆ. ಇಲ್ಲದ ಅಗಸಿಯ ಮುಂದೆ ನಿಂತು ಬಾಗಿಲು ತಟ್ಟುತ್ತಿದೆ. ರೇಡಿಯೊ ತರಂಗದ ಮಟ್ಟದಲ್ಲಿ ಯಾವ ಕೊರತೆಯೂ ಇಲ್ಲ, ಏಕೆಂದರೆ ತರಂಗ ಈ ಸಂಖ್ಯೆಗಳನ್ನು ಓದುವುದಿಲ್ಲ. ಹೆಸರು ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ಆದ್ದರಿಂದ ಸಿಗ್ನಲ್ ಪೂರ್ತಿ. ಪ್ರಶ್ನೆ ಹೋಗುವ ದಾರಿಯೇ ಇಲ್ಲವಾದ್ದರಿಂದ ಉತ್ತರ ಮಾತ್ರ ಇಲ್ಲ.

ಇದು ಆದದ್ದು ಹೇಗೆ? ಹದಿನೈದು ದಿನದ ಹಿಂದೆ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿದೆ. ಏನೂ ಇಲ್ಲ ಎಂದರು ಎಲ್ಲರೂ. ಸ್ವಲ್ಪ ಹೊತ್ತಾದ ಮೇಲೆ ತಾಯಿ ಒಳಗಿನಿಂದಲೇ, "ಆ ಡಬ್ಬಿ ಸುಟ್ಟಿತ್ತಲ್ಲ" ಎಂದು ನೆನಪಿಸಿದರು. ವಿದ್ಯುತ್ತಿನ ಏರುಪೇರಿನಲ್ಲಿ ಹಳೆಯ ರೂಟರ್ ಸುಟ್ಟು, ಹೊಸದನ್ನು ಹಾಕಿದ್ದರು. ಮನೆಯವರೆಲ್ಲ ಮತ್ತೆ ಪಾಸ್‌ವರ್ಡ್ ಹೊಡೆಯುವ ತೊಂದರೆ ಬೇಡವೆಂದು, ಹಾಕಿಕೊಟ್ಟ ಹುಡುಗ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಹೊಸದಕ್ಕೂ ಇಟ್ಟಿದ್ದ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ; ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಹೆಸರು ಬದಲಾಗದ್ದರಿಂದ ವೈಫೈ ಬದಲಾಗಿಲ್ಲ ಎಂದು ಮನೆಯವರು ತಿಳಿದಿದ್ದರು. ಫೋನೂ ಹಾಗೆಯೇ ತಿಳಿಯಿತು. ಹಳೆಯ ಹೆಸರಿನ ಜೊತೆ ತಾನು ನೆನಪಿಟ್ಟುಕೊಂಡಿದ್ದ ಸಂಖ್ಯೆಗಳನ್ನೇ ಹೊಸ ರೂಟರಿಗೂ ಹೇಳಿತು. ಹಳೆಯ ರೂಟರಿನ ಓಣಿ 1, ಹೊಸದರದು 0.

ಆದರೆ ಅಪ್ಪ, ಅಮ್ಮನ ಫೋನುಗಳಿಗೆ ಹೀಗಾಗಲಿಲ್ಲವಲ್ಲ? ಅವು ವಿಳಾಸವನ್ನು ರೂಟರಿನಿಂದ ಕೇಳಿ ಪಡೆಯುತ್ತಿದ್ದವು. ಈ ಫೋನಿನಲ್ಲಿ ಮಾತ್ರ, ಈ ವೈಫೈಗೆ, ಐಪಿ ಎಂಬಲ್ಲಿ ಸ್ಟ್ಯಾಟಿಕ್ ಎಂದಿತ್ತು. ಸ್ಥಿರ ಎಂದರ್ಥ, ಯಾರೋ ಕೈಯಿಂದ ಬರೆದಿಟ್ಟ ವಿಳಾಸ. ಅಂಗಡಿಯ ವೈಫೈಗೆ ಅಂಥ ಯಾವ ಬರಹವೂ ಇರಲಿಲ್ಲವಾದ್ದರಿಂದ ಅಲ್ಲಿ ಚೆನ್ನಾಗಿ ನಡೆಯಿತು. ಫೋನು ಮೊದಲು ಅವಳ ಅಣ್ಣನದಾಗಿತ್ತಂತೆ. ಅವನು ಕಲಬುರಗಿಗೆ ಓದಲು ಹೋಗುವಾಗ ಇದನ್ನು ತಂಗಿಗೆ ಬಿಟ್ಟು ಹೋಗಿದ್ದ. ಅವನಿಗೆ ಕರೆ ಮಾಡಿ ಕೇಳಿದರೆ ಮೊದಲು ನೆನಪಾಗಲಿಲ್ಲ. ಆಮೇಲೆ, "ಹೌದ್ರಿ ಕಾಕಾ, ಗೇಮ್ ಫಾಸ್ಟ್ ಆಗ್ತದಂತ ಒಂದು ವಿಡಿಯೋದಾಗ ನೋಡಿ ಹಾಕಿದ್ದೆ" ಎಂದ. ಫಾಸ್ಟ್ ಆಯಿತೇ ಎಂದು ಕೇಳಿದೆ. "ಇಲ್ರಿ" ಎಂದ.

ಅಲ್ಲಿಂದ ಮುಂದಿನದು ಬಲು ಸುಲಭ. ಪಾಸ್‌ವರ್ಡನ್ನು ಮೊದಲು ಕಾಗದದ ಮೇಲೆ ಬರೆಸಿಕೊಂಡೆ. ವೈಫೈ ಹೆಸರನ್ನು ಒತ್ತಿ, ಈ ನೆಟ್‌ವರ್ಕನ್ನು ಮರೆತುಬಿಡು ಎಂಬ ಆಯ್ಕೆ ಕೊಟ್ಟು, ಹೊಸದಾಗಿ ಸೇರಿಸಿದೆ. ಹತ್ತು ಸೆಕೆಂಡಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮಾಯವಾಯಿತು. ವಿಳಾಸ 192.168.0.9.

ನಂತರ ನಾನು ಮಾಡಿದ್ದನ್ನು ಕಂಡು ಹುಡುಗಿ ಗಾಬರಿಯಾದಳು. ಮತ್ತೆ ಸ್ಟ್ಯಾಟಿಕ್ ಎಂದು ಬದಲಿಸಿ, ಕಾಗದದಲ್ಲಿದ್ದ ಹಳೆಯ ಸಂಖ್ಯೆಗಳನ್ನೇ ತುಂಬಿದೆ. "ಕಾಕಾ, ಬ್ಯಾಡ್ರಿ!" ಎಂದಳು. ಚಿಹ್ನೆ ಮರಳಿ ಬಂತು, ಪಾಠ ನಿಂತಿತು. ಇನ್ನೊಮ್ಮೆ ತೆಗೆದೆ, ಪಾಠ ಹರಿಯಿತು. ದೋಷವನ್ನು ಬೇಕೆಂದಾಗ ಬರಿಸಿ ಬೇಕೆಂದಾಗ ಕಳಿಸುವವರೆಗೂ, ಅದರ ಕಾರಣ ಇದೇ ಎಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಗುಣವಾದದ್ದು ಕಾಕತಾಳೀಯವೂ ಆಗಿರಬಹುದಲ್ಲವೇ?

ಫೋನನ್ನು ಪೂರ್ತಿ ಅಳಿಸಿ ಕಾರ್ಖಾನೆಯ ಸ್ಥಿತಿಗೆ ತಂದಿದ್ದರೂ ಇದು ಸರಿಹೋಗುತ್ತಿತ್ತು ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ನಿಜ. ಅಂಗಡಿಗಳಲ್ಲಿ ಬಹಳ ಸಲ ಅದನ್ನೇ ಮಾಡುತ್ತಾರೆ. ಆದರೆ ಅವಳು ಬರೆದಿಟ್ಟ ಟಿಪ್ಪಣಿ, ತೆಗೆದ ಚಿತ್ರಗಳೂ ಹೋಗುತ್ತಿದ್ದವು. ಒಂದು ಸಂಖ್ಯೆಗಾಗಿ ಇಡೀ ಮನೆಯನ್ನೇ ಕೆಡವಿ ಕಟ್ಟಿದಂತಾಗುತ್ತಿತ್ತು. ಹೊಸ ಫೋನು ಕೊಂಡಿದ್ದರೂ ಸರಿಹೋಗುತ್ತಿತ್ತು, ಮತ್ತು ಹಳೆಯ ಫೋನು ಕೆಟ್ಟಿತ್ತೆಂದೇ ಆ ಮನೆಯವರು ಕೊನೆಯವರೆಗೂ ನಂಬುತ್ತಿದ್ದರು.

ಎಲ್ಲ ಫೋನುಗಳ ಕಥೆಯೂ ಇದೇ ಆಗಿರುವುದಿಲ್ಲ. ನಿಮ್ಮ ಫೋನಿನ ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ, ಅದು ಕೇಳಿತು, ಯಾರೂ ವಿಳಾಸ ಕೊಡಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿತು ಎಂದರ್ಥ. ಆಗ ರೂಟರನ್ನು ಒಂದು ನಿಮಿಷ ಆರಿಸಿ ಹಚ್ಚುವುದು ನ್ಯಾಯವಾದ ಕ್ರಮ. ವೈಫೈಯಲ್ಲೂ ಮೊಬೈಲ್ ಡೇಟಾದಲ್ಲೂ ಒಂದೇ ರೀತಿ ಕೆಟ್ಟರೆ ಫೋನಿನ ದಿನಾಂಕ, ಸಮಯ ನೋಡಿ. ಜಾಲತಾಣಗಳು ತಮ್ಮ ಗುರುತಿಗೆ ತೋರಿಸುವ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಫೋನಿನ ಗಡಿಯಾರ ಎರಡು ವರ್ಷ ಹಿಂದಿದ್ದರೆ ಅವು ಇನ್ನೂ ಹುಟ್ಟಿಲ್ಲವೆಂದು ಅದು ತಿರಸ್ಕರಿಸುತ್ತದೆ. ಎಂದೋ ಹಾಕಿ ಮರೆತ ವಿಪಿಎನ್ ಕೂಡ ದಾರಿ ತಡೆಯಬಹುದು. ಒಂದೇ ಒಂದು ಆ್ಯಪ್ ಮಾತ್ರ ನಡೆಯದಿದ್ದರೆ ವೈಫೈಯ ತಂಟೆಗೇ ಹೋಗಬೇಡಿ. ಯಾವುದನ್ನು ಬದಲಿಸಿದರೂ ಮೊದಲು ಇದ್ದದ್ದನ್ನು ಬರೆದಿಟ್ಟುಕೊಳ್ಳಿ, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ನಿಮಗೆ ತಿಳಿಯುವುದಿಲ್ಲ. ಸರಿಹೋಗದಿದ್ದರೆ ನೀವೇ ಹೊಸ ದೋಷವೊಂದನ್ನು ಸೇರಿಸಿರಲೂಬಹುದು.

ಇಂದು ಮನೆಗೆ ಹೋದಾಗ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮನೆಯ ಎರಡು ಫೋನುಗಳನ್ನು ಒಂದೇ ವೈಫೈಗೆ ಸೇರಿಸಿ, ಎರಡರ ವಿಳಾಸವನ್ನೂ ಗೇಟ್‌ವೇಯನ್ನೂ ಒಂದು ಕಾಗದದಲ್ಲಿ ಬರೆಯಿರಿ. ಓಣಿ ಒಂದೇ, ಮನೆ ಬೇರೆ, ಅಗಸಿ ಒಂದೇ ಇರಬೇಕು. ನಂತರ ಅದೇ ಫೋನನ್ನು ನಿಮ್ಮ ಕಾಲೇಜಿನ ಅಥವಾ ಗೆಳೆಯರ ಮನೆಯ ವೈಫೈಯಲ್ಲಿ ನೋಡಿ, ಯಾವ ಅಂಕಿಗಳು ಬದಲಾದವು ಎಂದು ಗುರುತಿಸಿ. ಮಾಣಿಕನಗರದ ಆ ಕಾಗದವನ್ನು ಹುಡುಗಿ ತನ್ನ ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿಕೊಂಡಿದ್ದಾಳೆ. ಮಾಳಿಗೆಯ ಮೇಲಿನ ಚಾಪೆಯನ್ನು ಅದೇ ಸಂಜೆ ಕೆಳಗೆ ತಂದಳು.